ಮಣಿಪೂರದಲ್ಲಿ ಬೆಂಕಿಯೋ ನೀರೋ? ಚಕ್ರಧ್ಯಾನ ನಡೆದುಬಂದ ದಾರಿ

"ನಿಮ್ಮ ಮೂಲಾಧಾರ ಬ್ಲಾಕ್ ಆಗಿದೆ, ಭೂಮಿ ತತ್ವ ಕಡಿಮೆ ಇದೆ." ಚಕ್ರಧ್ಯಾನದ ಶಿಬಿರಗಳಲ್ಲಿ, ಯೂಟ್ಯೂಬ್ ವಿಡಿಯೋಗಳಲ್ಲಿ ಈ ಥರದ ಮಾತು ಈಗ ಮಾಮೂಲು. ಚಕ್ರ ಅಂದರೆ ಬೆನ್ನುಹುರಿಯ ಉದ್ದಕ್ಕೂ ಇವೆ ಎನ್ನುವ ಶಕ್ತಿಕೇಂದ್ರ; ಮೂಲಾಧಾರ ಎಲ್ಲಕ್ಕಿಂತ ಕೆಳಗಿನದು. ಕೋಪ ಜಾಸ್ತಿಯಾದರೆ ಒಳಗೆ ಬೆಂಕಿ ಹೆಚ್ಚಾಗಿದೆ ಅಂತ ಅರ್ಥ. ಮನಸ್ಸು ಒಂದು ಕಡೆ ನಿಲ್ಲದಿದ್ದರೆ ಗಾಳಿ ಹೆಚ್ಚಾಗಿದೆ. ಆಯಾ ಚಕ್ರದ ಮೇಲೆ ಗಮನವಿಟ್ಟು 'ಲಂ', 'ವಂ'ನಂಥ ಒಂದಕ್ಷರದ ಬೀಜಮಂತ್ರ ಹೇಳಿದರೆ ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ ಎಂಬ ಪಂಚಭೂತಗಳು ಐದೂ ಸಮಕ್ಕೆ ಬರುತ್ತವೆ. ಜೊತೆಗೆ, ಇದು ಐದು ಸಾವಿರ ವರ್ಷದ ವಿದ್ಯೆ ಅಂತಲೂ ಸೇರಿಸುತ್ತಾರೆ.

ಧ್ಯಾನದ ಬಗ್ಗೆ ನನ್ನ ತಕರಾರಿಲ್ಲ. ಈ ಐದು ಸಾವಿರದ ಲೆಕ್ಕದ ಬಗ್ಗೆ ಇದೆ. ಹಳೆಯ ಯೋಗಿಗಳು ಪಂಚಭೂತಗಳನ್ನು ಸಮ ಮಾಡಲು ಕೂತವರೇ ಅಲ್ಲ. ಅವುಗಳನ್ನು ಗೆಲ್ಲಲು, ಇಲ್ಲವೇ ಒಂದೊಂದಾಗಿ ಕರಗಿಸಲು ಕೂತವರು.

ಪತಂಜಲಿಯ ಯೋಗಸೂತ್ರವನ್ನೇ ನೋಡಿ. ಅಲ್ಲಿ ಆರು ಚಕ್ರಗಳಿಲ್ಲ. ಹೊಕ್ಕುಳಿನ ನಾಭಿಚಕ್ರದ ಮಾತು ಒಂದು ಸೂತ್ರದಲ್ಲಿ ಬರುತ್ತದೆ. ಅದರ ಮೇಲೆ ಮನಸ್ಸಿಟ್ಟರೆ ದೇಹದ ರಚನೆ ತಿಳಿಯುತ್ತದೆ, ಅಷ್ಟೇ. ಭೂತಜಯ, ಅಂದರೆ ಪಂಚಭೂತಗಳನ್ನು ಗೆಲ್ಲುವ ವಿಚಾರ, ಬೇರೆಯೇ ಸೂತ್ರದಲ್ಲಿದೆ. ಎರಡನ್ನೂ ಜೋಡಿಸುವ ಕೆಲಸ ಅಲ್ಲಿ ಆಗಿಲ್ಲ.

ಪಂಚಭೂತಗಳನ್ನು ಮೈಯೊಳಗೆ ನೆನೆಯುವ ಅಭ್ಯಾಸ ಗಟ್ಟಿಯಾಗಿ ಬೆಳೆದದ್ದು ತಂತ್ರದ ಪೂಜೆಯಲ್ಲಿ. ಅದರ ಹೆಸರು ಭೂತಶುದ್ಧಿ. ದೇವರನ್ನು ಪೂಜಿಸುವ ಮುಂಚೆ ಸಾಧಕ ತನ್ನ ಮೈಯನ್ನೇ ಮನಸ್ಸಿನಲ್ಲಿ ಕಳಚುತ್ತಾನೆ. ಮಣ್ಣನ್ನು ನೀರಿನಲ್ಲಿ ಕರಗಿಸುತ್ತಾನೆ, ನೀರನ್ನು ಬೆಂಕಿಯಲ್ಲಿ, ಬೆಂಕಿಯನ್ನು ಗಾಳಿಯಲ್ಲಿ, ಗಾಳಿಯನ್ನು ಆಕಾಶದಲ್ಲಿ. ಆಮೇಲೆ 'ಯಂ' ಎಂದು ಪಾಪದ ದೇಹವನ್ನು ಒಣಗಿಸುತ್ತಾನೆ. 'ರಂ' ಎಂದು ಸುಡುತ್ತಾನೆ. 'ವಂ' ಎಂದು ಅಮೃತದಿಂದ ತೊಳೆಯುತ್ತಾನೆ. 'ಲಂ' ಎಂದು ಹೊಸ ಮೈಯನ್ನು ಗಟ್ಟಿ ಮಾಡಿಕೊಂಡು ಪೂಜೆಗೆ ಇಳಿಯುತ್ತಾನೆ. ಇಂದು ತರಗತಿಗಳಲ್ಲಿ ಕೇಳುವ ಲಂ, ವಂ, ರಂ, ಯಂ, ಹಂ ಇದೇ ಲೋಕದವು. ಇಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಪ್ರಶ್ನೆ ಏಳುವುದಿಲ್ಲ. ಐದೂ ಹೋಗಬೇಕು.

ಹಠಯೋಗದವರು ಇದನ್ನು ಪಂಚಧಾರಣೆ, ಅಂದರೆ ಐದು ಭೂತಗಳ ಮೇಲೆ ಒಂದೊಂದಾಗಿ ಮನಸ್ಸು ನಿಲ್ಲಿಸುವ ಅಭ್ಯಾಸ, ಮಾಡಿಕೊಂಡರು. ಆದರೆ ಭೂತಗಳು ಮೈಯಲ್ಲಿ ಎಲ್ಲಿವೆ ಎಂಬುದರಲ್ಲಿ ಒಮ್ಮತ ಇರಲಿಲ್ಲ. ಯೋಗತತ್ತ್ವ ಉಪನಿಷತ್ತಿನ ಪ್ರಕಾರ ಪಾದದಿಂದ ಮೊಣಕಾಲಿನವರೆಗೆ ಭೂಮಿ. ಹುಬ್ಬಿನ ನಡುವಿನಿಂದ ನೆತ್ತಿಯವರೆಗೆ ಆಕಾಶ. ನಾಥಯೋಗಿ ಗೋರಕ್ಷನ ಹೆಸರಿನಲ್ಲಿರುವ ಗ್ರಂಥದಲ್ಲಿ ಭೂಮಿ ಇರುವುದು ಎದೆಯಲ್ಲಿ, ನೀರು ಗಂಟಲಲ್ಲಿ, ಬೆಂಕಿ ಅಂಗುಳಿನಲ್ಲಿ!

ಚಕ್ರಗಳ ಸಂಖ್ಯೆಯೂ ಹಾಗೆಯೇ. ನಮಗೆ ಗೊತ್ತಿರುವ ಹೆಸರಿನ ಆರು ಚಕ್ರಗಳು ಸುಮಾರು 10ನೇ ಶತಮಾನದ ಹೊತ್ತಿಗೆ ಕುಬ್ಜಿಕಾ ದೇವಿಯ ತಂತ್ರ ಪರಂಪರೆಯಲ್ಲಿ ಕಾಣುತ್ತವೆ. ಬೇರೆ ಪರಂಪರೆಗಳಲ್ಲಿ ಐದು, ಒಂಬತ್ತು, ಹನ್ನೆರಡೂ ಇದ್ದವು. ಮೈಸೂರಿನಲ್ಲಿ ಯೋಗ ಕಲಿಸಿದ ಕೃಷ್ಣಮಾಚಾರ್ಯರು 1934ರ ತಮ್ಮ ಕನ್ನಡ ಪುಸ್ತಕ 'ಯೋಗ ಮಕರಂದ'ದಲ್ಲಿ 10 ಚಕ್ರ ಎಣಿಸುತ್ತಾರೆ. ಆರರ ಜೊತೆ ನೆತ್ತಿಯ ಸಹಸ್ರಾರ ಸೇರಿಸಿ ಚಕ್ರ ಏಳೇ ಎಂದು ಹಟ ಹಿಡಿಯುವವರು ಇದನ್ನೊಮ್ಮೆ ನೋಡಬೇಕು.

ಇಂದಿನ ಚಕ್ರಪಟದ ಮೂಲ 1577ರಲ್ಲಿದೆ. ಆ ವರ್ಷ ಬಂಗಾಳದ ಪೂರ್ಣಾನಂದ ಎಂಬ ತಾಂತ್ರಿಕ 'ಷಟ್ಚಕ್ರ ನಿರೂಪಣ' ಬರೆದ. ಮೂಲಾಧಾರದಲ್ಲಿ ಭೂಮಿಯ ಹಳದಿ ಚೌಕ, ಸ್ವಾಧಿಷ್ಠಾನದಲ್ಲಿ ನೀರಿನ ಬಿಳಿ ಅರ್ಧಚಂದ್ರ, ಹೊಕ್ಕುಳಿನ ಮಣಿಪೂರದಲ್ಲಿ ಬೆಂಕಿಯ ಕೆಂಪು ತ್ರಿಕೋನ. ಎದೆಯ ಅನಾಹತದಲ್ಲಿ ಗಾಳಿಯ ಹೊಗೆಬಣ್ಣದ ಷಟ್ಕೋನ, ವಿಶುದ್ಧಿಯಲ್ಲಿ ಆಕಾಶದ ಬಿಳಿ ವೃತ್ತ. ಮೂಲಾಧಾರದಲ್ಲಿ ಮಲಗಿರುವ ಶಕ್ತಿ ಕುಂಡಲಿನಿ ಮೇಲೇರುತ್ತಾ ಒಂದೊಂದನ್ನೂ ತನ್ನೊಳಗೆ ಎಳೆದುಕೊಳ್ಳುತ್ತಾಳೆ. ಇಲ್ಲೂ ಕರಗಿಸುವ ಕೆಲಸವೇ.

ಇನ್ನು ನಮ್ಮ ಕಡೆಯ ಮನೆಗಳಲ್ಲಿ ಪಾರಾಯಣ ಮಾಡುವ ಸೌಂದರ್ಯಲಹರಿ. ಅದರ 9ನೇ ಶ್ಲೋಕ ಹೇಳುವುದೇನು? "ಮಹೀಂ ಮೂಲಾಧಾರೇ ಕಮಪಿ ಮಣಿಪೂರೇ ಹುತವಹಂ ಸ್ಥಿತಂ ಸ್ವಾಧಿಷ್ಠಾನೇ." ಮಣಿಪೂರದಲ್ಲಿ ನೀರು, ಸ್ವಾಧಿಷ್ಠಾನದಲ್ಲಿ ಬೆಂಕಿ. ಪೂರ್ಣಾನಂದನ ಪಟಕ್ಕೆ ಪೂರ್ತಿ ಉಲ್ಟಾ. ಹೊಕ್ಕುಳಿನ ಮೇಲೆ ಗಮನವಿಟ್ಟು 'ಬೆಂಕಿ ಹೆಚ್ಚಿಸಿಕೊಳ್ಳಿ' ಎನ್ನುವ ಶಿಕ್ಷಕರಿಗೆ ಈ ಶ್ಲೋಕ ತೋರಿಸಿದರೆ ಏನು ಹೇಳುತ್ತಾರೋ!

ಕನ್ನಡದ ಶರಣರು ಚಕ್ರಗಳನ್ನು ತಮ್ಮದೇ ರೀತಿಯಲ್ಲಿ ಬಳಸಿಕೊಂಡರು. ಚೆನ್ನಬಸವಣ್ಣನ ಹೆಸರಿನೊಂದಿಗೆ ಸೇರಿದ ಷಟ್‌ಸ್ಥಲ ಪರಂಪರೆಯಲ್ಲಿ (ಭಕ್ತನಿಂದ ಐಕ್ಯದವರೆಗಿನ ಆರು ಮೆಟ್ಟಿಲು) ಮೂಲಾಧಾರಕ್ಕೆ ಆಚಾರಲಿಂಗ, ಭಕ್ತಸ್ಥಲ, ಭೂಮಿ. ಸ್ವಾಧಿಷ್ಠಾನಕ್ಕೆ ಗುರುಲಿಂಗ, ಮಹೇಶಸ್ಥಲ, ನೀರು. ಹೀಗೆ ಏರುತ್ತಾ ಹುಬ್ಬಿನ ನಡುವಿನ ಆಜ್ಞಾಚಕ್ರದಲ್ಲಿ ಮಹಾಲಿಂಗ, ಐಕ್ಯಸ್ಥಲ. ಚಕ್ರ ಇಲ್ಲಿ ಭಕ್ತಿಯ ಮೆಟ್ಟಿಲಾಯಿತು. ಭೂತಜಯದ ಮೋಹವನ್ನು ಶರಣರು ಒಪ್ಪಲಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಮತ್ತು ಗೋರಕ್ಷ ಎದುರಾಗುವ ಪ್ರಸಂಗ ಗೊತ್ತಲ್ವಾ? ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲ್ ಎನ್ನುತ್ತದೆ, ಅವನದು ಸಾಧಿಸಿಕೊಂಡ ವಜ್ರದ ಮೈ. ಅಲ್ಲಮನ ಮೈಯಲ್ಲಿ ಕತ್ತಿ ಬಯಲಲ್ಲಿ ಆಡಿದಂತೆ ಸುಮ್ನೆ ಹಾದುಹೋಗುತ್ತದೆ. ಸೋತವನು ಗೋರಕ್ಷ.

19ನೇ ಶತಮಾನದಲ್ಲಿ ಕತೆ ಬೇರೆ ದಿಕ್ಕಿಗೆ ಹೊರಳಿತು. ಆರ್ಯಸಮಾಜ ಕಟ್ಟಿದ ದಯಾನಂದ ಸರಸ್ವತಿ ಯುವಕರಾಗಿದ್ದಾಗ ಗಂಗೆಯಲ್ಲಿ ತೇಲಿಬಂದ ಹೆಣವೊಂದನ್ನು ದಡಕ್ಕೆಳೆದರು. ಚಾಕುವಿನಿಂದ ಸೀಳಿ, ಪುಸ್ತಕದಲ್ಲಿದ್ದ ಚಕ್ರಗಳನ್ನು ಹುಡುಕಿದರು. ಸಿಗಲಿಲ್ಲ. ಪುಸ್ತಕಗಳನ್ನು ಹರಿದು ಹೆಣದ ಜೊತೆ ಹೊಳೆಗೆ ಬಿಟ್ಟರು. ಈ ಆತ್ಮಕಥನ ಅಚ್ಚಾದದ್ದು ಥಿಯಾಸಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ. ತಮಾಷೆ ಅಂದರೆ, ಅದೇ ಸೊಸೈಟಿಯ ಲೆಡ್‌ಬೀಟರ್ 1927ರಲ್ಲಿ ಚಕ್ರಗಳ ಬಗ್ಗೆಯೇ ಪುಸ್ತಕ ತಂದರು. ತಮ್ಮ ದಿವ್ಯದೃಷ್ಟಿಗೆ ಕಂಡಂತೆ ಬರೆದಿದ್ದೇನೆ ಎಂದರು. ಸ್ವಾಧಿಷ್ಠಾನವನ್ನು ತೆಗೆದು ಗುಲ್ಮದ (ಸ್ಪ್ಲೀನ್) ಜಾಗಕ್ಕೊಂದು ಚಕ್ರ ಕೂರಿಸಿದರು.

ಅದಕ್ಕೂ ಮುಂಚೆ, 1919ರಲ್ಲಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರಫ್ ಪೂರ್ಣಾನಂದನ ಗ್ರಂಥವನ್ನು ಇಂಗ್ಲಿಷಿಗೆ ತಂದಿದ್ದರು. ಆ ಅನುವಾದ ಓದಿದ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1932ರಲ್ಲಿ ಜ್ಯೂರಿಕ್‌ನಲ್ಲಿ ಉಪನ್ಯಾಸ ಕೊಟ್ಟರು. ಅವರ ಪಾಲಿಗೆ ಸ್ವಾಧಿಷ್ಠಾನದ ನೀರು ಸುಪ್ತಮನಸ್ಸು, ಮಣಿಪೂರದ ಬೆಂಕಿ ಮನುಷ್ಯನ ಆವೇಶ. ತಿರುವು ಇದ್ದದ್ದು ಇಲ್ಲೇ. ಕರಗಬೇಕಾದ ಭೂತ ಸ್ವಭಾವದ ಗುಣವಾಯಿತು. ಗುಣ ಎಂದ ಮೇಲೆ ಹೆಚ್ಚು ಕಡಿಮೆ ಶುರು. 1970ರ ದಶಕದ ಅಮೆರಿಕದಲ್ಲಿ ಇದಕ್ಕೆ ಕಾಮನಬಿಲ್ಲಿನ ಏಳು ಬಣ್ಣ ಅಂಟಿತು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಕ್ರಿಸ್ಟೋಫರ್ ಹಿಲ್ಸ್ ಅದರಲ್ಲಿ ಮುಖ್ಯರು. ಅನಾಹತ ಹಸಿರಾದದ್ದು ಹೀಗೆ.

ಸಮತೋಲನದ ಮಾತು ನಮ್ಮಲ್ಲಿ ಇರಲೇ ಇಲ್ಲ ಎನ್ನಲಾಗದು. ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಸಮವಾಗಿರುವುದೇ ಆರೋಗ್ಯ. ಆದರೆ ಅದಕ್ಕೆ ಅವರು ಹೇಳಿದ್ದು ಊಟ, ನಿದ್ದೆ, ಋತುಚರ್ಯೆ, ಔಷಧಿ. ವೈದ್ಯರ ಆ ಮಾತು ಮತ್ತು ತಾಂತ್ರಿಕರ ಆ ಬೀಜಾಕ್ಷರ ಒಂದೇ ಚಾಪೆಯ ಮೇಲೆ ಕೂತದ್ದು ಈಚೆಗೆ.

ಹಾಗಂತ ಅಭ್ಯಾಸ ಬಿಡಬೇಕಿಲ್ಲ. ಬೆನ್ನು ನೆಟ್ಟಗೆ ಇಟ್ಟು ಕೂತು, ನಿಧಾನಕ್ಕೆ ಉಸಿರಾಡುತ್ತಾ, ಒಂದೊಂದು ಜಾಗದಲ್ಲಿ ಗಮನ ನಿಲ್ಲಿಸಿದರೆ ಮನಸ್ಸು ತಣ್ಣಗಾಗುತ್ತದೆ. ಬಣ್ಣ ಯಾವುದೇ ಇರಲಿ. ಆದರೆ ಒಂದು ಪರಂಪರೆ ಹಿಡಿದರೆ ಅದರ ಪಟವನ್ನೇ ಹಿಡಿಯಿರಿ. ಸೌಂದರ್ಯಲಹರಿಯ ದಾರಿಯಲ್ಲಿ ಹೋಗುವವರಿಗೆ ಹೊಕ್ಕುಳಲ್ಲಿ ನೀರು, ಪೂರ್ಣಾನಂದನ ದಾರಿಯವರಿಗೆ ಬೆಂಕಿ. ನಿಮ್ಮ ಚಕ್ರ ಬ್ಲಾಕ್ ಆಗಿದೆ, ಇಷ್ಟು ಸಾವಿರ ಕೊಟ್ಟರೆ ತೆರೆಯುತ್ತೇನೆ ಅನ್ನುವವರು ಸಿಕ್ಕರೆ, ಯಾವ ಪಟದ ಪ್ರಕಾರ ಅಂತ ಕೇಳಿ ನೋಡಿ.