ಮಂಜುಗಡ್ಡೆ ಬಂಡೆಯನ್ನು ಗೀರುವುದಿಲ್ಲ

ಹಿಮನದಿ ಸರಿದುಹೋದ ಬಂಡೆಯ ಮೇಲೆ ಒಂದರ ಪಕ್ಕ ಒಂದು ಸಮಾನಾಂತರ ಗೀರುಗಳು ಉಳಿದಿರುತ್ತವೆ. ಭೂವಿಜ್ಞಾನಿಗಳು ಇವನ್ನು ಸ್ಟ್ರೈಯೇಷನ್ ಎನ್ನುತ್ತಾರೆ. ಇದರ ಮೂಲ ಲ್ಯಾಟಿನ್‌ನ ‘ಸ್ಟ್ರಿಯ’, ಅಂದರೆ ತೋಡು. ಕಂಬದ ಉದ್ದಕ್ಕೂ ಕೊರೆದ ತೋಡುಗಳಿಗೆ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬಳಸಿದ್ದೂ ಇದೇ ಪದ.

‘ಮಂಜುಗಡ್ಡೆ ಬಂಡೆಯನ್ನು ಉಜ್ಜಿ ಗೀರಿತು’ ಎನ್ನುವ ಮಾತು ಎಲ್ಲೆಡೆ ಓಡಾಡುತ್ತದೆ. ಕರಗುವ ಹಂತದ ಮಂಜುಗಡ್ಡೆಯ ಗಡಸುತನ, ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ, ಸುಮಾರು 1.5. ಸುಣ್ಣಕಲ್ಲಿನ ಕ್ಯಾಲ್ಸೈಟ್‌ನದು 3, ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್‌ನದು 7. ಅಷ್ಟು ಮೆತ್ತನೆಯದು ಗ್ರಾನೈಟನ್ನು ಗೀರುವುದೆಲ್ಲಿ ಬಂತು? ಗೀರುವುದು ಮಂಜಿನ ತಳದಲ್ಲಿ ಹುದುಗಿದ ಕಲ್ಲು ಮತ್ತು ಮರಳು. ಉಪ್ಪುಕಾಗದದಿಂದ ಮರ ಉಜ್ಜುವಾಗ ಸವೆಸುವುದು ಕಾಗದವಲ್ಲ, ಅದಕ್ಕೆ ಅಂಟಿದ ಹರಳುಗಳು ತಾನೇ. ಹಾಗಾಗಿ ತಳಕ್ಕೇ ಹೆಪ್ಪುಗಟ್ಟಿ ಅಂಟಿಕೊಂಡ, ಜಾರದ ಹಿಮನದಿ ಗೀರು ಬಿಡುವುದು ತೀರ ಕಡಿಮೆ. ತಳದಲ್ಲಿ ತೆಳುವಾದ ನೀರಿನ ಪದರವಿದ್ದು ಮಂಜು ಜಾರಬೇಕು.

ಮಂಜು ದಪ್ಪವಾದಷ್ಟೂ ಗೀರು ಆಳ ಎನ್ನುವುದೂ ಅವಸರದ ತೀರ್ಮಾನವೇ. ಮಂಜು ನಿಧಾನವಾಗಿ ಹರಿಯುವ ವಸ್ತು, ತನ್ನೊಳಗಿನ ಕಲ್ಲನ್ನು ಸುತ್ತುವರಿದು ಎಲ್ಲ ಕಡೆಯಿಂದಲೂ ಒತ್ತುತ್ತದೆ. ಮೇಲಿನಿಂದ ಒತ್ತುವಷ್ಟೇ ಕೆಳಗಿನಿಂದಲೂ ಒತ್ತಿದರೆ ಆ ಭಾರ ತನ್ನನ್ನು ತಾನೇ ರದ್ದುಮಾಡಿಕೊಳ್ಳುತ್ತದೆ. ಹಾಗಿದ್ದರೆ ಕಲ್ಲನ್ನು ಬಂಡೆಗೆ ಅದುಮುವುದು ಯಾವುದು? ತಳದ ಮಂಜು ಕರಗುತ್ತದೆ, ಆ ಜಾಗಕ್ಕೆ ಮೇಲಿನ ಮಂಜು ಇಳಿಯುತ್ತದೆ, ಇಳಿಯುವಾಗ ಕಲ್ಲನ್ನೂ ಕೆಳಕ್ಕೆ ತಳ್ಳುತ್ತದೆ. ಕರಗುವ ವೇಗ ಹೆಚ್ಚಿದರೆ ಅದುಮುವ ಬಲವೂ ಹೆಚ್ಚು. ವಿಜ್ಞಾನಿ ಬರ್ನಾರ್ಡ್ ಹ್ಯಾಲೆಟ್ 1979ರಲ್ಲಿ ಮಂಡಿಸಿದ ಮಾದರಿಯ ತಿರುಳು ಇದು. ಕಲ್ಲುಗಳು ಒತ್ತೊತ್ತಾಗಿ ತುಂಬಿ, ಅವುಗಳ ಸುತ್ತ ಮಂಜು ಹರಿಯಲು ಎಡೆಯೇ ಇಲ್ಲದ ಕಡೆ ಮಾತ್ರ ಲೆಕ್ಕ ಬದಲಾಗುತ್ತದೆ.

ನಡುಹಗಲ ನೆತ್ತಿಯ ಬಿಸಿಲಲ್ಲಿ ಗೀರು ಕಾಣುವುದೇ ಕಷ್ಟ. ಬೆಳಿಗ್ಗೆಯ ಅಥವಾ ಸಂಜೆಯ ಓರೆ ಬೆಳಕು ಬೇಕು, ಕಲ್ಲಿಗೆ ನೀರು ಚಿಮುಕಿಸಿದರೆ ಇನ್ನೂ ಒಳ್ಳೆಯದು. ಸುಣ್ಣಕಲ್ಲು ಮಳೆಗೆ ಬೇಗ ಸವೆಯುತ್ತದೆ. ಜೇಡಿಮಣ್ಣಿನಡಿ ಹೂತಿದ್ದು ಈಗಷ್ಟೇ ತೆರೆದುಕೊಂಡ ಮೈಯಲ್ಲಿ ಗೀರು ತಾಜಾ ಇರುತ್ತದೆ. ಒಂದೇ ಗೀರನ್ನು ನಂಬಬಾರದು: ಹಲವನ್ನು ದಿಕ್ಸೂಚಿಯಲ್ಲಿ ಅಳೆದು, ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಅಂತರವನ್ನು ಸರಿಪಡಿಸಬೇಕು. ದೊಡ್ಡ ಮೋಸ ಮಾಡುವುದು ಸ್ತರಭಂಗದ ಉಜ್ಜುಮೈ, ಅಂದರೆ ಬಿರುಕಿನ ಎರಡು ಬದಿಯ ಬಂಡೆಗಳು ಸರಿದು ಒಂದನ್ನೊಂದು ಉಜ್ಜಿದ ಮೈ. ಅಲ್ಲೂ ಹೊಳಪುಂಟು, ಗೀರುಂಟು, ಆದರೆ ಆ ಬಿರುಕಿನ ಮೈ ಬಂಡೆಯ ಒಡಲೊಳಕ್ಕೂ ಮುಂದುವರಿಯುತ್ತದೆ. ಹಿಮನದಿಯ ಗೀರು ಇರುವುದು ಹೊರಮೈಯಲ್ಲಷ್ಟೇ.

ಇಷ್ಟಾದರೂ ಗೀರು ಕೊಡುವುದು ಅರ್ಧ ಉತ್ತರ. 40 ಡಿಗ್ರಿ ಎಂದು ಅಳೆದರೆ ಮಂಜು ಆ ಕಡೆ ಹೋಗಿರಬಹುದು, ಇಲ್ಲವೇ 220ರ ಕಡೆಗೆ. ಎರಡರಲ್ಲಿ ಯಾವ ಕಡೆ ಎಂದು ಹೇಳುವುದು ಬಂಡೆದಿಬ್ಬದ ಆಕಾರ: ಮಂಜು ಏರಿಬಂದ ಬದಿ ನುಣುಪು, ಇಳಿದುಹೋದ ಬದಿ ಕಿತ್ತುಹೋಗಿ ಒರಟು. ಗಡಸು ಉಂಡೆಯೊಂದರ ಹಿಂದೆ ಸವೆಯದೆ ಬಾಲದಂತೆ ಉಳಿದ ಏಣೂ ಮಂಜು ಹೋದ ಕಡೆಯನ್ನೇ ತೋರಿಸುತ್ತದೆ.

ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ 19ನೇ ಶತಮಾನದ ಆರಂಭದಲ್ಲಿ ಎಡಿನ್‌ಬರೊ ಬಳಿಯ ಗೀರುಗಳನ್ನು ಚೆನ್ನಾಗಿಯೇ ವಿವರಿಸಿ, ಕಾರಣವಾಗಿ ಮಹಾ ಅಲೆಯನ್ನು ಹಿಡಿದ. ಇನ್ನು ಕೆಲವರಿಗೆ ಬೈಬಲ್ಲಿನ ಪ್ರಳಯವೇ ಬೇಕಿತ್ತು. ಆದರೆ ನೀರಿನಲ್ಲಿ ಕಲ್ಲು ಉರುಳುತ್ತದೆ, ಪುಟಿಯುತ್ತದೆ. ನೇರ ಗೆರೆ ಎಳೆಯಬೇಕಾದರೆ ಅದನ್ನು ಯಾವುದಾದರೂ ಬಿಗಿಹಿಡಿದಿರಬೇಕು. ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ 1840ರ ಹೊತ್ತಿಗೆ ಮಂಜಿನ ವಾದವನ್ನು ಗಟ್ಟಿಯಾಗಿ ಮುಂದಿಟ್ಟ. 1856ರಲ್ಲಿ ಒಡಿಶಾದ ತಾಲ್ಚೇರ್‌ನ ಗುಂಡುಕಲ್ಲು ಪದರಕ್ಕೂ ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸಹೋದರರು ಮತ್ತು ಥಿಯೊಬಾಲ್ಡ್ ಮಂಜನ್ನೇ ಕಾರಣವಾಗಿ ಹೇಳಿದರು. ಉಷ್ಣವಲಯದಲ್ಲಿ ಸುಮಾರು 30 ಕೋಟಿ ವರ್ಷ ಹಿಂದಿನ ಮಂಜು! ದಕ್ಷಿಣ ಅಮೆರಿಕದ ಅದೇ ಕಾಲದ ಗೀರುಗಳಂತೂ ಮಂಜು ಇಂದಿನ ಅಟ್ಲಾಂಟಿಕ್ ಸಾಗರದ ಕಡೆಯಿಂದ ನೆಲಕ್ಕೆ ಏರಿಬಂದಂತೆ ತೋರಿಸುತ್ತಿದ್ದವು. ಕಡಲಿನಿಂದ ಹಿಮನದಿ ಹುಟ್ಟುವುದುಂಟೆ? ಖಂಡಗಳು ಹಿಂದೆ ಒಂದಾಗಿದ್ದು ಆಮೇಲೆ ಸರಿದುಹೋದವು ಎಂದ ಆಲ್ಫ್ರೆಡ್ ವೆಗೆನರ್ ದಕ್ಷಿಣ ಖಂಡಗಳನ್ನು ನಕ್ಷೆಯಲ್ಲಿ ಕೂಡಿಸಿಟ್ಟಾಗ, ಮಂಜು ಬಂದ ಆ ಕಡೆಯಲ್ಲಿ ಕಡಲಿನ ಬದಲು ಆಫ್ರಿಕದ ನೆಲವಿತ್ತು.