ಚೀಟಿ ಎತ್ತಿ ಆಳಿದವರು

ಪ್ರಜಾಪ್ರಭುತ್ವವೆಂದರೆ ಚುನಾವಣೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಆ ವ್ಯವಸ್ಥೆಯ ತವರಾದ ಅಥೆನ್ಸಿನಲ್ಲಿ ಬಹುತೇಕ ಅಧಿಕಾರ ಸ್ಥಾನಗಳನ್ನು ಚೀಟಿ ಎತ್ತಿ ತುಂಬುತ್ತಿದ್ದರೆಂದರೆ ಹಲವರು ನಂಬುವುದೇ ಇಲ್ಲ. ಚೀಟಿ ಎತ್ತುವುದು ಪ್ರಜಾಪ್ರಭುತ್ವಕ್ಕೆ ತಕ್ಕ ಪದ್ಧತಿ, ಚುನಾವಣೆ ಕೆಲವರ ಆಳ್ವಿಕೆಗೆ ತಕ್ಕದ್ದು ಎಂಬ ಅಭಿಪ್ರಾಯವನ್ನು ಅರಿಸ್ಟಾಟಲ್ ದಾಖಲಿಸಿದ್ದಾನೆ. ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿಯೂ ಹೆಚ್ಚುಕಡಿಮೆ ಇದನ್ನೇ ಬರೆದ. ಕಾರಣ ಸರಳ: ಮತ ಕೇಳುವಲ್ಲಿ ಹಣ, ಮನೆತನ, ಮಾತುಗಾರಿಕೆಗಳು ಗೆಲ್ಲುತ್ತವೆ, ಚೀಟಿಗೆ ಇವು ಯಾವುವೂ ಕಾಣುವುದಿಲ್ಲ.

ಕ್ರಿ.ಪೂ. 4ನೇ ಶತಮಾನದ ನ್ಯಾಯಾಲಯಗಳಲ್ಲಿ ಬಳಕೆಯಲ್ಲಿದ್ದ ಕ್ಲೆರೋಟೀರಿಯನ್ ಎಂಬ ಯಂತ್ರವಂತೂ ನನಗೆ ಅಚ್ಚುಮೆಚ್ಚು. ಅದೊಂದು ನೆಟ್ಟನೆಯ ಹಲಗೆ. ಕಲ್ಲಿನಲ್ಲಿ ಕಡೆದ ಅಂಥ ಹಲಗೆಗಳ ತುಂಡುಗಳು ಇಂದಿಗೂ ಉಳಿದಿವೆ. ಅದರ ಮೈತುಂಬ ಸಾಲುಸಾಲಾಗಿ ಸೀಳುಗಂಡಿಗಳು. ಬೆಳಗ್ಗೆ ಬಂದವರ ಹೆಸರುಫಲಕಗಳನ್ನು ಆ ಗಂಡಿಗಳಲ್ಲಿ ಸಿಕ್ಕಿಸಿ, ಪಕ್ಕದ ಕೊಳವೆಗೆ ಕಪ್ಪು-ಬಿಳಿ ಗುಂಡುಗಳನ್ನು ಬೆರೆಸಿ ಸುರಿಯುತ್ತಿದ್ದರು. ಗುಂಡುಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು: ಬಿಳಿ ಬಂದರೆ ಆ ಅಡ್ಡಸಾಲಿನವರೆಲ್ಲ ಅಂದಿನ ನ್ಯಾಯದರ್ಶಿಗಳು, ಕಪ್ಪು ಬಂದರೆ ಇಡೀ ಸಾಲು ಮನೆಗೆ. ಆಯ್ಕೆಯಾದವರು ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದನ್ನೂ ಮತ್ತೊಂದು ಚೀಟಿಯೇ ನಿರ್ಧರಿಸುತ್ತಿತ್ತು. ಯಾರು ಎಲ್ಲಿ ಕೂರುತ್ತಾರೆಂಬುದು ಆ ಬೆಳಗಿನವರೆಗೆ ಯಾರಿಗೂ ತಿಳಿಯದಿರುವಾಗ ಲಂಚ ಕೊಡುವವನು ಯಾರ ಕೈಗೆ ಕೊಟ್ಟಾನು!

ಇದನ್ನು ದೈವದ ಮೇಲೆ ಭಾರ ಹಾಕುವ ಮೂಢನಂಬಿಕೆಯೆಂದು ತಳ್ಳಿಹಾಕುವುದು ಅವಸರದ ಮಾತು. ದೈವವೇ ಆರಿಸಿದ್ದಾದರೆ ಮನುಷ್ಯರು ಮತ್ತೆ ಪರಿಶೀಲಿಸುವ ಅಗತ್ಯವೇನಿತ್ತು? ಚೀಟಿಯಲ್ಲಿ ಹೆಸರು ಬಂದವನ ಅರ್ಹತೆಯನ್ನು ಅಧಿಕಾರ ಸ್ವೀಕಾರಕ್ಕೆ ಮುನ್ನ ವಿಚಾರಿಸುತ್ತಿದ್ದರು, ಅವಧಿ ಮುಗಿದ ಮೇಲೆ ಲೆಕ್ಕ ಕೇಳುತ್ತಿದ್ದರು. ಚೀಟಿಯಿಂದಲೇ ತುಂಬುತ್ತಿದ್ದ 500 ಜನರ ಆಡಳಿತ ಸಭೆಯಲ್ಲಿ ಒಬ್ಬನು ಜೀವಮಾನದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕೂರುವಂತಿರಲಿಲ್ಲ. ಅನುಭವವಿಲ್ಲದೆ ನಡೆಯದ ಸೇನಾಪತಿಯಂಥ ಕೆಲವು ಹುದ್ದೆಗಳಿಗೆ ಮಾತ್ರ ಕೈಯೆತ್ತಿಸಿ ಚುನಾಯಿಸುತ್ತಿದ್ದರು. ಹೆಂಗಸರು, ಗುಲಾಮರು, ಪರದೇಶದಿಂದ ಬಂದು ನೆಲೆಸಿದವರು ಈ ಸಮಾನತೆಯ ಹೊರಗೇ ಉಳಿದರೆಂಬುದು ಬೇರೆ ಮಾತು, ಸಣ್ಣ ಮಾತೇನಲ್ಲ.

ಯದೃಚ್ಛೆಯಿಂದ ಆರಿಸಿದ ಸಾಕಷ್ಟು ದೊಡ್ಡ ಗುಂಪು ಇಡೀ ಸಮುದಾಯವನ್ನು ಹೋಲುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಐರ್ಲೆಂಡ್ 2016ರಲ್ಲಿ ರಚಿಸಿದ ನಾಗರಿಕ ಸಭೆ ಇದೇ ತತ್ತ್ವವನ್ನು ನೆಚ್ಚಿತು. ವಯಸ್ಸು, ಲಿಂಗ, ಪ್ರದೇಶಗಳ ಸಮತೋಲ ಕಾಯ್ದುಕೊಂಡು ಆರಿಸಿದ 99 ಸಾಮಾನ್ಯರು ತಜ್ಞರ ಮಾತು ಕೇಳಿ, ತಮ್ಮೊಳಗೆ ಚರ್ಚಿಸಿ, ರಾಜಕಾರಣಿಗಳು ಮುಟ್ಟಲು ಅಂಜುತ್ತಿದ್ದ ಗರ್ಭಪಾತ ಕಾನೂನಿನ ಸಡಿಲಿಕೆಗೆ ಶಿಫಾರಸು ಮಾಡಿದರು. ಕೊನೆಯ ತೀರ್ಮಾನ ಚೀಟಿಯದಾಗಿರಲಿಲ್ಲ: 2018ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಮತದಾರರು ಸಂವಿಧಾನದ ತಿದ್ದುಪಡಿಗೆ ಒಪ್ಪಿಗೆಯಿತ್ತರು.