ಡಾಲಿಯ ಟ್ಯಾರೋ: ಅಂಟಿಸಿದ ಚಿತ್ರವನ್ನು ಓದುವ ಬಗೆ

ಟ್ಯಾರೋ ಎಂದರೆ ಇಸ್ಪೀಟಿನಂಥ ಚಿತ್ರದ ಎಲೆಗಳನ್ನು ಹರವಿ ಅರ್ಥ ಓದುವ ವಿದ್ಯೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕಲಿಯಲು ತೊಡಗುವುದು 1909ರ ರೈಡರ್–ವೇಟ್ ಎಂಬ ಎಲೆಗಳ ಕಟ್ಟಿನಿಂದ. ಪಮೆಲಾ ಕೋಲ್ಮನ್ ಸ್ಮಿತ್ ಬರೆದ ಆ ಚಿತ್ರಗಳು ಬಾಯಿಪಾಠವಾದ ಮೇಲೆ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯ ಕಟ್ಟನ್ನು ಕೈಗೆತ್ತಿಕೊಂಡರೆ, ಕಲಿತದ್ದೆಲ್ಲ ಕೈಕೊಟ್ಟಂತಾಗುತ್ತದೆ. ನನಗೂ ಹಾಗೆಯೇ ಆಯಿತು. ಲೆಕ್ಕವೇನೋ ಅದೇ: 'ಮೇಜರ್ ಅರ್ಕಾನಾ' ಎನ್ನುವ 22 ಮುಖ್ಯ ಎಲೆಗಳು, ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂದು ತಲಾ 14ರಂತೆ ಇನ್ನು 56. ಬೇರೆಯಾಗಿರುವುದು ಚಿತ್ರ ಹುಟ್ಟಿದ ರೀತಿ. ಡಾಲಿ ಯೂರೋಪಿನ ಹಳೆಯ ಕಲಾಕೃತಿಗಳ ಆಕೃತಿಗಳನ್ನು ಎತ್ತಿಕೊಂಡು, ಅಂಟಿಸಿ, ಮೇಲೆ ಗ್ವಾಶ್ ಎಂಬ ದಟ್ಟ ಜಲವರ್ಣ ಹಚ್ಚಿದರು. ಇದು ಕೊಲಾಜ್.

1973ರಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಿತ್ರ 'ಲಿವ್ ಅಂಡ್ ಲೆಟ್ ಡೈ'ಗಾಗಿ ನಿರ್ಮಾಪಕ ಆಲ್ಬರ್ಟ್ ಬ್ರೊಕೊಲಿ ಈ ಕೆಲಸ ಒಪ್ಪಿಸಿದ್ದರು ಎಂಬ ಕಥೆ ಪ್ರಚಲಿತವಾಗಿದೆ. ಒಪ್ಪಂದ ಮುರಿದುಬಿತ್ತು, ಸಿನಿಮಾದಲ್ಲಿ ಕಾಣುವುದು ಫರ್ಗಸ್ ಹಾಲ್ ಅವರ ಎಲೆಗಳು. ಡಾಲಿ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಕಟ್ಟು 1984ರಲ್ಲಿ ಸೀಮಿತ ಪ್ರತಿಗಳಲ್ಲಿ ಪ್ರಕಟವಾಯಿತು.

ಈಗ 'ಪ್ರೇಮಿಗಳು' ಎಲೆಯ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ಫ್ರಾನ್ಸಿನ ಹಳೆಯ ಮಾರ್ಸೇ ಕಟ್ಟಿನಲ್ಲಿ ಇಬ್ಬರು ಹೆಂಗಸರ ನಡುವೆ ಒಬ್ಬ ಯುವಕ ನಿಂತಿರುತ್ತಾನೆ. ಮೇಲೆ ಬಾಣ ಹೂಡಿದ ಕಾಮದೇವ. ಸ್ಮಿತ್ ಅದನ್ನು ಬೈಬಲಿನ ಏದೆನ್ ತೋಟವಾಗಿ ಮಾರ್ಪಡಿಸಿದರು: ಆದಾಮ, ಹವ್ವ, ಆಕಾಶದಲ್ಲಿ ದೇವದೂತ. ಎರಡರಲ್ಲೂ ತೀರ್ಮಾನ ಇನ್ನೂ ಬಾಕಿ ಇದೆ. ಅದಕ್ಕೇ ನಾವು ಈ ಎಲೆಗೆ 'ಆಯ್ಕೆ' ಎಂದು ಅರ್ಥ ಬರೆದುಕೊಂಡಿದ್ದೇವೆ. ಡಾಲಿ ಆರಿಸಿಕೊಂಡದ್ದು ಚಿತ್ರಕಾರ ಯಾನ್ ಹೋಸಾರ್ಟ್ 1516ರಲ್ಲಿ ಬರೆದ, ಈಗ ಬರ್ಲಿನ್‌ನಲ್ಲಿರುವ 'ನೆಪ್ಚೂನ್ ಮತ್ತು ಆಂಫಿಟ್ರೈಟಿ'. ಇವರು ಕಡಲ ದೇವ, ಅವನ ಮಡದಿ. ಆಯ್ಕೆ ಯಾವತ್ತೋ ಮುಗಿದಿದೆ, ಜೊತೆಯಾಗಿ ಬಾಳುವುದಷ್ಟೇ ಉಳಿದಿದೆ. ಎಲೆಯ ಹೆಸರು ಅದೇ ಆದರೂ ಪ್ರಶ್ನೆ 'ಯಾರನ್ನು?' ಎಂಬುದರಿಂದ 'ಹೇಗೆ?' ಎಂಬುದಕ್ಕೆ ಸರಿಯುತ್ತದೆ. ಇದು ನನ್ನ ಓದು. ಆದರೆ ಅಂಟಿಸಿದ ತುಂಡು ಎಲ್ಲಿಂದ ಬಂತೆಂದು ಹುಡುಕದೆ ಹೋಗಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ಕೊಲಾಜ್ ಎಲೆಯಲ್ಲಿ ಕತ್ತರಿಸಿದ ತುಂಡು ತನ್ನ ತವರಿನ ನೆನಪನ್ನೂ ಹೊತ್ತು ತರುತ್ತದೆ.

'ಕತ್ತಿ ಹತ್ತು' ಎಂಬ ಎಲೆಯಲ್ಲಿಯೂ ಹೀಗೆಯೇ. ಸ್ಮಿತ್ ಅವರ ಎಲೆಯಲ್ಲಿ ಬೋರಲಾಗಿ ಬಿದ್ದವನ ಬೆನ್ನಲ್ಲಿ ಹತ್ತು ಕತ್ತಿ ನಾಟಿವೆ, ಇರಿದವರ ಸುಳಿವೇ ಇಲ್ಲ. ಡಾಲಿ ಅಲ್ಲಿಗೆ ಜೂಲಿಯಸ್ ಸೀಸರನ ಹತ್ಯೆಯನ್ನು ತಂದರು. ಸೀಸರನನ್ನು ಇರಿದವರಲ್ಲಿ ಅವನು ನಂಬಿದ್ದ ಬ್ರೂಟಸನೂ ಇದ್ದ. ಬರೀ 'ಅಂತ್ಯ' ಎಂದು ಬರೆದಿಟ್ಟುಕೊಂಡ ಟಿಪ್ಪಣಿಗೆ 'ಆಪ್ತರಿಂದ' ಎಂಬ ಮಾತು ಸೇರುತ್ತದೆ.

2019ರಲ್ಲಿ ಟಾಶೆನ್ ಪ್ರಕಾಶನ ಈ ಕಟ್ಟನ್ನು ಮತ್ತೆ ಹೊರತಂದಾಗ ಜೊತೆಗೆ ಜರ್ಮನ್ ಲೇಖಕ ಯೋಹಾನ್ನೆಸ್ ಫೀಬಿಗ್ ಅವರ ಪುಸ್ತಕವೂ ಬಂತು. ಡಾಲಿಯ ಬದುಕು, ಕಟ್ಟು ರೂಪುಗೊಂಡ ಬಗೆ, ಪ್ರತಿ ಎಲೆಯ ರಚನೆ ಮತ್ತು ಅರ್ಥ, ಎಲೆ ಹರವುವ ಕ್ರಮ ಎಲ್ಲವೂ ಅದರಲ್ಲಿವೆ. ಒಳ್ಳೆಯ ಪುಸ್ತಕ, ಆದರೂ ಅದನ್ನು ಮೊದಲೇ ತೆರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎಲೆಯನ್ನು ಬೆಳಕಿಗೆ ಹಿಡಿದು, ಹಳೆಯ ಚಿತ್ರ ಎಲ್ಲಿ ಮುಗಿದು ಡಾಲಿಯ ಕುಂಚ ಎಲ್ಲಿ ಶುರುವಾಗಿದೆ ಎಂದು ಅಂಚು ಹುಡುಕಿ. ಕಂಡದ್ದನ್ನು ಬರೆದಿಡಿ, ಆಮೇಲೆ ಪುಸ್ತಕದೊಂದಿಗೆ ಹೋಲಿಸಿ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಎಲೆಗೂ ಎರಡು ಕಾಲಂಗಳಿವೆ: 'ತಂದದ್ದು', 'ಸೇರಿಸಿದ್ದು'.

ಮಂತ್ರವಾದಿಯ ಎಲೆಯಲ್ಲಿ ಡಾಲಿ ತಮ್ಮ ಮುಖವನ್ನೇ ಇಟ್ಟಿದ್ದಾರೆ. ಸಾಮ್ರಾಜ್ಞಿಯ ಎಲೆಯಲ್ಲಿರುವುದು ಮಡದಿ ಗಾಲಾ. ಡಾಲಿಗೆ ಗೂಢವಿದ್ಯೆಗಳತ್ತ ಒಲವು ಬೆಳೆಸಿದವಳು ಆಕೆಯೇ. ಗಾಲಾ ತೀರಿಕೊಂಡದ್ದು 1982ರಲ್ಲಿ, ಕಟ್ಟು ಅಚ್ಚಾಗುವ ಎರಡು ವರ್ಷ ಮೊದಲು. ಇದು ತಿಳಿದ ಮೇಲೆ ಹರವಿದ ಎಲೆಗಳಲ್ಲಿ ಸಾಮ್ರಾಜ್ಞಿ ಕಾಣಿಸಿಕೊಂಡಾಗ, 'ಸಮೃದ್ಧಿ' ಎಂದು ಹೇಳಿ ಮುಂದಿನ ಎಲೆಗೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.